ಮೂತಿ ಎತ್ತೋ ಮಿನಿ ಟ್ರ್ಯಾಕ್ಟರ್‌ಗೆ ಭಾರ ಎಲ್ಲಿ ಕಟ್ಟಬೇಕು? – ಓದುಗರ ಪ್ರಶ್ನೆ, ಶೆಡ್ಡಿನ ಉತ್ತರ

ಹೋದ ಸಂಚಿಕೇಲಿ ರೋಟವೇಟರ್ (ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡೋ ಯಂತ್ರ) ಬಗ್ಗೆ ಯಾರೋ ಕೇಳಿದ್ದಕ್ಕೆ ಉತ್ತರ ಬರೀತಾ ಕೊನೇಲಿ ಒಂದೇ ಒಂದು ಸಾಲು, "ಮಿನಿ ಟ್ರ್ಯಾಕ್ಟರ್ ಇರೋರು ವೇಟ್ ಹಾಕಿಸೋದು ಮರೀಬೇಡಿ" ಅಂತ ಗೀಚಿದ್ದೆ ಅಷ್ಟೇ, ಅದಕ್ಕೆ ಈ ಸಲ ಬಂದಿರೋ ಕಾಗದ, ವಾಟ್ಸಾಪು, ಫೋನು ಎಲ್ಲಾ ಅದರ ಮೇಲೇನೇ. ಯಾವ ವೇಟು, ಎಲ್ಲಿ ಹಾಕೋದು, ಎಷ್ಟು ಹಾಕೋದು, ನೀರು ತುಂಬಿಸಿದ್ರೆ ಸಾಲಲ್ವಾ ಅಂತ. ತಪ್ಪು ನಂದೇ, ಅರ್ಧ ಮಾತು ಹೇಳಿ ಬಿಟ್ಟಿದ್ದೆ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆ ಎಲ್ಲಾ ಪಕ್ಕಕ್ಕಿಟ್ಟು ಬರೀ ಭಾರದ ಪುರಾಣ.

ಪ್ರಶ್ನೆ: ನಮ್ದು 24 ಎಚ್‌ಪಿ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್, ಅಡಿಕೆ ತೋಟಕ್ಕೆ ಅಂತ ತಗೊಂಡಿದ್ದು. 4 ಅಡಿ ರೋಟವೇಟರ್ ಎತ್ತಿಕೊಂಡು ತೋಟದಿಂದ ಮನೆ ಕಡೆ ಏರು ಹತ್ತುವಾಗ ಮುಂದಿನ ಗಾಲಿ ನೆಲ ಬಿಟ್ಟು ಏಳತ್ತೆ, ಸ್ಟೇರಿಂಗ್ ತಿರುಗಿಸಿದ್ರೆ ಏನೂ ಆಗಲ್ಲ. ಹಿಂದಿನ ಟಯರಿಗೆ ನೀರು ತುಂಬಿಸಿ ಸರಿ ಹೋಗತ್ತೆ ಅಂತ ಮೆಕ್ಯಾನಿಕ್ ಹೇಳ್ದ. ತುಂಬಿಸ್ಲಾ? — ಸಿರ್ಸಿ ಕಡೆಯ ಓದುಗರು

ಉತ್ತರ: ತುಂಬಿಸಬೇಡಿ, ಅಂದ್ರೆ ಈ ಕಾಯಿಲೆಗೆ ಅದು ಔಷಧ ಅಲ್ಲ. ನೀರಿನ ಲಾಭ ಬೇರೆ ಇದೆ, ಮುಂದಿನ ಪ್ರಶ್ನೇಲಿ ಹೇಳ್ತೀನಿ.

ಹಳೇ ಕಾಲದ ಏತ ನೋಡಿದೀರಲ್ಲ, ಬಾವಿಯಿಂದ ನೀರು ಎತ್ತೋದು, ಒಂದು ತುದೀಲಿ ಬಾನಿ ಇನ್ನೊಂದು ತುದೀಲಿ ಕಲ್ಲು, ಮಧ್ಯ ಒಂದು ಕಂಬ. ನಿಮ್ಮ ಟ್ರ್ಯಾಕ್ಟರೂ ಒಂದು ಏತನೇ, ಕಂಬ ಇರೋದು ಹಿಂದಿನ ಅಚ್ಚಿನ (ಆಕ್ಸಲ್) ಹತ್ರ. ಅಚ್ಚಿಂದ ಹಿಂದೆ ರೋಟವೇಟರ್ ನೇತಾಡ್ತಿದೆ, ಮುಂದೆ ಇಂಜಿನ್ನು ಅದನ್ನ ಹಿಡ್ಕೊಂಡಿದೆ. ಈಗ ಹಿಂದಿನ ಗಾಲಿಗೆ ನೀರು ತುಂಬಿಸೋದು ಅಂದ್ರೆ ಏತದ ಕಂಬಕ್ಕೇ ಕಲ್ಲು ಕಟ್ಟಿದ ಹಾಗೆ, ಕಂಬ ಗಟ್ಟಿಯಾಗತ್ತೆ ಆದ್ರೆ ತಕ್ಕಡಿ ಆ ಕಡೆ ಈ ಕಡೆ ಒಂದಿಂಚೂ ಅಲ್ಲಾಡಲ್ಲ. ಇನ್ನೂ ಒಂದು ಮಾತು, ಹಿಂದಿನ ಗಾಲಿ ಭಾರ ಆದಷ್ಟೂ ಹಿಡಿತ ಜಾಸ್ತಿ, ಮೊದಲು ಗಾಲಿ ಜಾರಿ ಸುಮ್ನಾಗ್ತಿತ್ತು, ಈಗ ಜಾರಲ್ಲ, ಆ ಜೋರೆಲ್ಲಾ ಮೂತಿ ಎತ್ತೋಕೆ ಹೋಗತ್ತೆ. ಏರಿನಲ್ಲಿ ಬರೀ ನೀರು ತುಂಬಿಸಿ ಮುಂದೆ ಏನೂ ಹಾಕದೇ ಇದ್ರೆ ಮೊದಲಿಗಿಂತ ಕೆಟ್ಟದಾದ್ರೂ ಆಶ್ಚರ್ಯ ಇಲ್ಲ.

ಲೆಕ್ಕ ಮಾಡೋಣ, ಐದನೇ ಕ್ಲಾಸಿನ ಲೆಕ್ಕ, ಹೆದರ್ಕೋಬೇಡಿ. ಉದಾಹರಣೆಗೆ ಟ್ರ್ಯಾಕ್ಟರ್ 800 ಕೆಜಿ ಅಂತಿಟ್ಕೊಳ್ಳಿ, ಅದರಲ್ಲಿ ಮುಂದಿನ ಅಚ್ಚಿನ ಮೇಲೆ 320, ಹಿಂದೆ 480. ಎರಡು ಅಚ್ಚಿನ ನಡುವೆ ಒಂದೂವರೆ ಮೀಟರ್. ರೋಟವೇಟರ್ 220 ಕೆಜಿ, ಅದರ ಭಾರದ ನಡು ಹಿಂದಿನ ಅಚ್ಚಿಂದ 1.1 ಮೀಟರ್ ಆಚೆ. 220ನ್ನ 1.1ರಿಂದ ಗುಣಿಸಿ 1.5ರಿಂದ ಭಾಗಿಸಿ, 161 ಬರತ್ತೆ. ಅಂದ್ರೆ ರೋಟವೇಟರ್ ಎತ್ತಿದ ಕೂಡಲೇ ಮುಂದಿನ ಅಚ್ಚಿಂದ 161 ಕೆಜಿ ಹೋಯ್ತು, ಉಳಿದಿದ್ದು 159. ಇಂಪ್ಲಿಮೆಂಟ್, ಅಂದ್ರೆ ಹಿಂದೆ ಕಟ್ಟಿದ ಸಲಕರಣೆ, ಎತ್ತಿದ ಮೇಲೂ ಟ್ರ್ಯಾಕ್ಟರ್ ತೂಕದ ಶೇಕಡ 20 ಆದ್ರೂ ಮುಂದಿನ ಗಾಲಿ ಮೇಲೆ ಉಳೀಬೇಕು ಅನ್ನೋದು ಲೆಕ್ಕ, 800ಕ್ಕೆ ಅದು 160. ಅಂದ್ರೆ ಸಪಾಟು ನೆಲದಲ್ಲೇ ನೀವು ಗೆರೆ ಮೇಲೆ ನಿಂತಿದೀರ. ಇನ್ನು ಏರು, 4 ಅಡಿ ಹೋದ್ರೆ 1 ಅಡಿ ಹತ್ತೋವಂಥ ಏರಾದ್ರೆ ಇನ್ನೊಂದು 100 ಕೆಜಿ ಹತ್ತಿರ ಹಿಂದಕ್ಕೆ ಸರಿಯತ್ತೆ. ಮುಂದೆ ಉಳಿದಿದ್ದು 60 ಕೆಜಿ. ಅಲ್ಲಿ ಕ್ಲಚ್ ಸ್ವಲ್ಪ ಫಟ್ ಅಂತ ಬಿಟ್ರೆ ಮುಗೀತು ಕಥೆ.

ಇದಕ್ಕೆ ಮದ್ದು ಮುಂದಿನ ಬಂಪರ್ ವೇಟು. ಮುಂದಿನ ಅಚ್ಚಿಗಿಂತ ಅರ್ಧ ಮೀಟರ್ ಮುಂದೆ 20 ಕೆಜಿಯ 3 ಪ್ಲೇಟು, ಒಟ್ಟು 60 ಕೆಜಿ ಹಾಕಿದ್ರೆ ಮುಂದಿನ ಗಾಲಿ ಮೇಲೆ ಬೀಳೋದು 60 ಅಲ್ಲ, 80. ಆ ಹೆಚ್ಚಿನ 20 ಎಲ್ಲಿಂದ ಬಂತು ಅಂದ್ರೆ ಹಿಂದಿನ ಅಚ್ಚಿಂದ, ಏತ ಅಲ್ವಾ. ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಎಷ್ಟು ಕೆಜಿ ಅಂತ ಕೇಳೋ ಮೊದಲು ಎಲ್ಲಿ ಅಂತ ಕೇಳಿ. ಈ ಲೆಕ್ಕಕ್ಕೆ ನಿಮ್ಮ ಗಾಡಿಯ ನಂಬರ್ ಹಾಕ್ಕೊಳ್ಳಿ, ತೂಕ, ವೀಲ್ ಬೇಸ್ (ಎರಡು ಅಚ್ಚಿನ ನಡುವಿನ ದೂರ) ಎಲ್ಲಾ ಮ್ಯಾನುಯಲ್‌ನಲ್ಲಿ ಇರತ್ತೆ. ಇನ್ನೂ ಪಕ್ಕಾ ಬೇಕು ಅಂದ್ರೆ ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಗಾಲಿ ಮಾತ್ರ ತಕ್ಕಡಿ ಮೇಲೆ ಹತ್ತಿಸಿ ಒಂದು ಸಲ ರೋಟವೇಟರ್ ಇಳಿಸಿ ಒಂದು ಸಲ ಎತ್ತಿ ನೋಡಿ, ದೊಡ್ಡ ವೇಬ್ರಿಡ್ಜ್‌ನಲ್ಲಿ 10-20 ಕೆಜಿ ಆಚೀಚೆ ಆಗತ್ತೆ, ಪರವಾಗಿಲ್ಲ, ಅಂದಾಜಂತೂ ಸಿಗತ್ತೆ.

ವೇಟ್ ಬರೋವರೆಗೆ ಏನ್ ಮಾಡೋದು? ಆ ಏರನ್ನ ರಿವರ್ಸ್‌ನಲ್ಲಿ ಹತ್ತಿ. ನಗಬೇಡಿ, ಭಾರದ ಕಡೆ ಯಾವಾಗ್ಲೂ ಏರಿನ ಮೇಲ್ಗಡೆ ಇರಬೇಕು, ಹಿಂದೆ ರೋಟವೇಟರ್ ಇದ್ರೆ ಹತ್ತೋದು ರಿವರ್ಸು, ಇಳಿಯೋದು ಮುಂದಾಗಿ. ರೋಟವೇಟರನ್ನ ನೆಲದಿಂದ ಒಂದು ಗೇಣು ಎತ್ತಿದ್ರೆ ಸಾಕು, ಪೂರ್ತಿ ಮೇಲಕ್ಕೆ ಎತ್ತಿ ಮೆರವಣಿಗೆ ಮಾಡೋದು ಬೇಡ.

ಪ್ರಶ್ನೆ: ಹಾಗಾದ್ರೆ ಟಯರಿಗೆ ನೀರು ತುಂಬಿಸೋದು ಯಾವಾಗ, ಹೇಗೆ, ಎಷ್ಟು? ನಮ್ಮೂರಲ್ಲಿ ಪಂಕ್ಚರ್ ಅಂಗಡಿಯವನು ಫುಲ್ ತುಂಬಿಸಿ ಕೊಡ್ತೀನಿ ಅಂತಾನೆ. — ಹೊಸದುರ್ಗದ ಓದುಗರು

ಉತ್ತರ: ಫುಲ್ ಬೇಡ ಅಂತ ಅವರಿಗೆ ಹೇಳಿ, ಮುಕ್ಕಾಲು ಭಾಗ. ಉಳಿದ ಕಾಲು ಭಾಗ ಗಾಳಿ ಇರಬೇಕು ಯಾಕಂದ್ರೆ ನೀರು ಅದುಮಿದ್ರೆ ಕುಗ್ಗಲ್ಲ, ಕಲ್ಲಿಗೆ ಹೊಡೆದಾಗ ಏಟು ತಡ್ಕೊಳ್ಳೋದು ಆ ಗಾಳಿನೇ. ಪೂರ್ತಿ ನೀರಾದ್ರೆ ಟಯರ್ ಕಲ್ಲಾಗತ್ತೆ, ಬೆನ್ನುಮೂಳೆ ನಿಮ್ದು.

ನೀರು ಬೇಕಾಗೋದು ಎಳೆಯೋ ಕೆಲಸಕ್ಕೆ. ಕಲ್ಟಿವೇಟರ್, ನೇಗಿಲು, ಎಂಬಿ ಪ್ಲೋ (ಮಣ್ಣು ಮಗುಚೋ ನೇಗಿಲು) ಹಾಕ್ದಾಗ ಹಿಂದಿನ ಗಾಲಿ ಸುಮ್ನೆ ಸುತ್ತಿ ಮಣ್ಣು ಉಜ್ಜತ್ತಲ್ಲ, ಆಗ. ಜೊತೆಗೆ ನೀರು ಗಾಲಿಯ ಕೆಳಗಿನ ಮುಕ್ಕಾಲಲ್ಲೇ ಇರೋದ್ರಿಂದ ಗಾಡಿಯ ಭಾರ ಕೆಳಕ್ಕೆ ಇಳಿಯತ್ತೆ, ಪಕ್ಕಕ್ಕೆ ವಾಲೋದು ಸ್ವಲ್ಪ ಕಮ್ಮಿ. ನಮ್ಮ ಕಡೆ ನೀರು ಹೆಪ್ಪುಗಟ್ಟೋ ಚಳಿ ಇಲ್ಲ, ಮಿನಿ ಟ್ರ್ಯಾಕ್ಟರ್ ಬಹುತೇಕ ಟ್ಯೂಬ್ ಟಯರೇ, ಹಾಗಾಗಿ ಬರೀ ಬೋರ್‌ವೆಲ್ ನೀರು ಸಾಕು. ಟ್ಯೂಬ್‌ಲೆಸ್ ಆದ್ರೆ ನೀರು ನೇರವಾಗಿ ರಿಮ್ಮಿಗೆ ತಾಗಿ ತುಕ್ಕು ಹಿಡಿಯತ್ತೆ, ಅದಕ್ಕೆ ಟ್ಯೂಬ್ ಹಾಕಿಸಿ ಆಮೇಲೆ ನೀರು.

ಹೇಗೆ ಅಂದ್ರೆ, ನೀರು ತುಂಬಿಸೋ ಕಡೆಯ ಹಿಂದಿನ ಗಾಲಿಗೆ ಜಾಕ್ ಕೊಟ್ಟು ಎತ್ತಿ, ಮುಂದಿನ ಗಾಲಿಗೆ ಹಿಂದೆ ಮುಂದೆ ಕಲ್ಲು ಇಟ್ಟು, ವಾಲ್ವ್ ಮೇಲ್ಗಡೆ ಗಡಿಯಾರದ 12 ಗಂಟೆ ಜಾಗಕ್ಕೆ ಬರೋ ಹಾಗೆ ತಿರುಗಿಸಿ ವಾಲ್ವ್ ಪಿನ್ ತೆಗೀಬೇಕು. ಪೈಪ್ ಹಿಡಿದು ನೀರು ಬಿಡ್ತಾ ಹೋಗಿ, ನಡುನಡುವೆ ಪೈಪ್ ತೆಗೆದು ಒಳಗಿನ ಗಾಳಿ ಹೊರಗೆ ಬಿಡಿ, ಇಲ್ಲಾಂದ್ರೆ ನೀರು ಒಳಗೇ ಹೋಗಲ್ಲ. ವಾಲ್ವ್ ಬಾಯಲ್ಲಿ ನೀರು ಬರೋಕೆ ಶುರುವಾದ್ರೆ ಅದೇ ಮುಕ್ಕಾಲು, ನಿಲ್ಲಿಸಿ. ಪಿನ್ ಹಾಕಿ, ಮೇಲೆ ಗಾಳಿ ಹೊಡೀರಿ ಮ್ಯಾನುಯಲ್‌ನಲ್ಲಿ ಹೇಳಿದಷ್ಟು. ಮುಂದೆ ಯಾವಾಗ ಗಾಳಿ ಚೆಕ್ ಮಾಡಿದ್ರೂ ವಾಲ್ವ್ ಮೇಲಕ್ಕೆ ತಂದೇ ಮಾಡಿ, ಕೆಳಗಿದ್ರೆ ಗೇಜಿಗೆ ನೀರು ಹೋಗಿ ಅಂಗಡಿಯವನ ಹತ್ರ ಬೈಸ್ಕೋತೀರ. ತುಂಬಿಸುವಾಗ ಬಕೆಟ್ ಲೆಕ್ಕ ಇಟ್ಟುಕೊಳ್ಳಿ, ಲೀಟರಿಗೆ ಒಂದು ಕೆಜಿ, ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. 8.3-24 ಟಯರಿಗೆ ಸುಮಾರು ಐವತ್ತು ಅರವತ್ತು ಲೀಟರ್ ಹಿಡಿಯತ್ತೆ, ಅಂದ್ರೆ ಎರಡೂ ಗಾಲಿ ಸೇರಿ ಒಂದು ಕ್ವಿಂಟಾಲ್ ಮೇಲೆ, ಬಿಟ್ಟಿಯಾಗಿ. ಎರಡೂ ಕಡೆ ಸಮ ಇರ್ಲಿ, ಒಂದು ಕಡೆ 50 ಇನ್ನೊಂದು ಕಡೆ 65 ಆದ್ರೆ ಗಾಡಿ ಒಂದು ಕಡೆಗೇ ಎಳೆಯತ್ತೆ.

ಕಷ್ಟ ಏನಪ್ಪಾ ಅಂದ್ರೆ ಪಂಕ್ಚರ್ ಆದ ದಿನ ಗೊತ್ತಾಗತ್ತೆ. ಮತ್ತೆ ಬೇಡ ಅಂದಾಗ ಬಿಚ್ಚಿ ಇಡೋಕಾಗಲ್ಲ. ಗಾಲಿಗೆ ಬೋಲ್ಟ್ ಹಾಕೋ ಎರಕದ ಕಬ್ಬಿಣದ ವೇಟ್ ಆದ್ರೆ ಬೇಕಾದಾಗ ಹಾಕಿ, ಬೇಡದಾಗ ಕಳಚಿ ಶೆಡ್ಡಲ್ಲಿ ಇಡಬಹುದು, ದುಡ್ಡು ಕೊಡಬೇಕು ಅಷ್ಟೇ. ಹಾಕಿ 4-5 ಗಂಟೆ ಓಡಿಸಿದ ಮೇಲೆ ಬೋಲ್ಟ್ ಮತ್ತೆ ಟೈಟ್ ಮಾಡಿ, ಹೊಸ ವೇಟು ಕೂತ್ಕೊಂಡು ಲೂಸ್ ಆಗಿರತ್ತೆ. ನೀರಾಗಲಿ ಕಬ್ಬಿಣ ಆಗಲಿ, ಟಯರ್ ಪಕ್ಕದಲ್ಲಿ ಬರೆದಿರೋ ಗರಿಷ್ಠ ಭಾರ ದಾಟಬೇಡಿ.

ಪ್ರಶ್ನೆ: ನಾವು ಹೊಲದಾಗಿಂದ ರಸ್ತೆ ತನಕ ಸಣ್ಣ ಟ್ರೇಲರಿನ್ಯಾಗ ಕಬ್ಬ ಎಳಿತೀವ್ರಿ, ಮಿನಿ ಟ್ರ್ಯಾಕ್ಟರ್‌ಲೆ. ಕೆಸರಿನ್ಯಾಗ ಸಿಕ್ಕಿಬಿದ್ರ ಮೂತಿ ಎದ್ದ ನಿಂದರ್ತೈತಿ, ಅದಕ್ಕ ನಾಕ ಹುಡುಗರ್ನ ಬಾನೆಟ್ ಮ್ಯಾಲ ಕುಂದರಿಸಿ ಎಳಿತೀವಿ. ಇದಕ್ಕಿಂತ ಅಗ್ಗದ ವೇಟ್ ಯಾವುದೈತ್ರಿ? — ಜಮಖಂಡಿ ಕಡೆಯ ಓದುಗರು

ಉತ್ತರ: ಇದನ್ನ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಹಿಂಡಿದ ಹಾಗಾಯ್ತು. ಬೇಡ್ರೀ ಮಾರಾಯ್ರೇ. ಬಾನೆಟ್ ಮೇಲೆ ಕೂತ ಹುಡುಗ ವೇಟ್ ಅಲ್ಲ, ಗಾಡಿ ಮೂತಿ ಎತ್ತಿ ಧಡ್ ಅಂತ ಬಿದ್ದ ಕೂಡಲೇ ಅವನು ಬೀಳೋದು ಎಲ್ಲಿಗೆ ಅಂದ್ರೆ ಅದೇ ಮುಂದಿನ ಗಾಲಿ ಮುಂದಕ್ಕೆ. ವೇಟ್ ಅಂದ್ರೆ ಬೋಲ್ಟ್ ಹಾಕಿ ಬಿಗಿಯೋಕೆ ಆಗೋದು, ಮನುಷ್ಯನಿಗೆ ಬೋಲ್ಟ್ ಹಾಕೋಕಾಗಲ್ಲ. ಮಡ್‌ಗಾರ್ಡ್ ಮೇಲೆ ಕೂರೋರಿಗೂ ಇದೇ ಮಾತು.

ಈಗ ಮೂತಿ ಯಾಕೆ ಏಳತ್ತೆ ನೋಡಿ. ಇಂಜಿನ್ನು ಹಿಂದಿನ ಅಚ್ಚು ತಿರುಗಿಸ್ತಿದೆ. ಗಾಲಿ ತಿರುಗಿದ್ರೆ ಗಾಡಿ ಮುಂದೆ ಹೋಗತ್ತೆ. ಗಾಲಿ ಕೆಸರಲ್ಲಿ ಹೂತು ತಿರುಗಲ್ಲ ಅಂದ್ರೆ? ಅಚ್ಚು ಸುಮ್ನಿರಲ್ಲ, ಗಾಲಿ ಬದಲು ಗಾಡಿಯ ಬಾಡಿನೇ ಆ ಅಚ್ಚಿನ ಸುತ್ತ ತಿರುಗೋಕೆ ನೋಡತ್ತೆ, ಅಂದ್ರೆ ಮೂತಿ ಆಕಾಶಕ್ಕೆ. ಹಿಂದಕ್ಕೆ ಮಗುಚೋದು ಒಂದೂವರೆ ಸೆಕೆಂಡಿನ ಆಟ, ಅದರಲ್ಲೂ ಮುಕ್ಕಾಲು ಸೆಕೆಂಡಿನ ಒಳಗೆ ಕ್ಲಚ್ ಒತ್ತಲಿಲ್ಲ ಅಂದ್ರೆ ಆಮೇಲೆ ಒತ್ತಿ ಪ್ರಯೋಜನ ಇಲ್ಲ. ಮುಕ್ಕಾಲು ಸೆಕೆಂಡ್ ಅಂದ್ರೆ "ಅಯ್ಯೋ" ಅನ್ನೋಷ್ಟು ಹೊತ್ತು. ಅದಕ್ಕೇ ಹೂತಾಗ ಹಿಂದಿನ ಗಾಲಿಗೆ ಮರದ ದಿಮ್ಮಿ ಕಟ್ಟಿ ಎಳೆಯೋ ಬುದ್ಧಿವಂತಿಕೆ ಯಾವತ್ತೂ ಬೇಡ, ದಿಮ್ಮಿ ನೆಲಕ್ಕೆ ಕಚ್ಚಿದ ಕ್ಷಣ ಗಾಡಿ ಮಗುಚಿಕೊಳ್ಳತ್ತೆ. ಮೊದಲು ರಿವರ್ಸ್ ಹಾಕಿ ಹಿಂದೆ ಬರೋಕೆ ನೋಡಿ, ಆಗಲಿಲ್ಲ ಅಂದ್ರೆ ಟ್ರೇಲರ್ ಕಳಚಿ, ಗಾಲಿ ಮುಂದಿನ ಮಣ್ಣು ಸಲಿಕೇಲಿ ತೆಗೀರಿ, ಅದೂ ಆಗಲಿಲ್ಲ ಅಂದ್ರೆ ಇನ್ನೊಂದು ಗಾಡಿ ತರಿಸಿ.

ಇನ್ನು ಟ್ರೇಲರ್ ಎಲ್ಲಿಗೆ ಕಟ್ಟಿದೀರ ಅನ್ನೋದನ್ನ ನೀವು ಬರೆದಿಲ್ಲ, ನನಗೆ ಅನುಮಾನ ಅಲ್ಲೇ. ಎಳೆಯೋ ಜಾಗ ಹಿಂದಿನ ಅಚ್ಚಿಗಿಂತ ಕೆಳಗಿರಬೇಕು, ಡ್ರಾಬಾರ್, ಅಂದ್ರೆ ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಪಟ್ಟಿ, ಅಲ್ಲೇ ಇರೋದು ಅದಕ್ಕೆ. ಕೆಳಗಿಂದ ಎಳೆದ್ರೆ ಮೂತಿ ಎದ್ದ ಹಾಗೆಲ್ಲಾ ಡ್ರಾಬಾರ್ ನೆಲಕ್ಕೆ ಇಳಿದು ಎಳೆತ ತಾನೇ ಕಮ್ಮಿ ಆಗತ್ತೆ. ಮೇಲೆ, ಅಂದ್ರೆ ಟಾಪ್ ಲಿಂಕ್ (ಸಲಕರಣೆಯ ಮೇಲ್ತುದಿ ಹಿಡಿಯೋ ತೋಳು) ಬ್ರ್ಯಾಕೆಟ್ಟಿಗೋ ಅಚ್ಚಿನ ಕೊಳವೆಗೋ ಚೈನ್ ಸುತ್ತಿದ್ರೆ ಎಳೆದಷ್ಟೂ ಟ್ರ್ಯಾಕ್ಟರ್ ತನ್ನನ್ನ ತಾನೇ ಹಿಂದಕ್ಕೆ ಕೆಡವಿಕೊಳ್ಳತ್ತೆ. ನಾನೇ ಹುಡುಗಾಟದ ವಯಸ್ಸಲ್ಲಿ ಒಂದು ಹುಣಸೆ ಬೊಡ್ಡೆ ಕೀಳೋಕೆ ಹೋಗಿ ಟಾಪ್ ಲಿಂಕಿಗೆ ಸರಪಳಿ ಕಟ್ಟಿದ್ದೆ, ಮೂತಿ ಎದ್ದಿದ್ದು ಕಾಣಿಸ್ಲೇ ಇಲ್ಲ, ಆಕಾಶ ಕಾಣಿಸ್ತು. ಸರಪಳಿ ಹಳೇದಾಗಿತ್ತು, ತುಂಡಾಯ್ತು, ಅದಕ್ಕೇ ಇವತ್ತು ಈ ಅಂಕಣ ಬರೀತಿದೀನಿ.

ಇದು ಇವತ್ತಿನ ಸಮಸ್ಯೆನೂ ಅಲ್ಲ. 1917ರಲ್ಲಿ ಹೆನ್ರಿ ಫೋರ್ಡ್ ಕಡೆಯಿಂದ ಫೋರ್ಡ್‌ಸನ್ ಅಂತ ಹಗುರ, ಅಗ್ಗದ ಟ್ರ್ಯಾಕ್ಟರ್ ಬಂತು, ಲಕ್ಷಗಟ್ಟಲೆ ಮಾರಾಟ ಆಯ್ತು, ನೇಗಿಲು ಕಲ್ಲಿಗೆ ಸಿಕ್ಕಿದ್ರೆ ಹಿಂದಕ್ಕೆ ಮಗುಚತ್ತೆ ಅನ್ನೋ ಕೆಟ್ಟ ಹೆಸರೂ ಜೊತೆಗೆ ಬಂತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಅನ್ನೋನು ತಲೆ ಕೆಡಿಸಿಕೊಂಡು ನೇಗಿಲನ್ನ ಟ್ರ್ಯಾಕ್ಟರಿಗೇ ಮೂರು ಕಡೆ ಜೋಡಿಸೋ ಹಿಚ್ ಬೆಳೆಸಿದ, ಇವತ್ತು ನಮ್ಮ ಎಲ್ಲಾ ಗಾಡಿ ಹಿಂದೆ ಇರೋ ತ್ರೀ ಪಾಯಿಂಟ್ ಅದರ ಮೊಮ್ಮಗನೇ. ಅದರ ಚೆಲುವು ಏನಂದ್ರೆ ನೇಗಿಲು ಬಿಗಿಯಾದಾಗ ಟಾಪ್ ಲಿಂಕ್ ಟ್ರ್ಯಾಕ್ಟರನ್ನ ಮುಂದಕ್ಕೆ ತಳ್ಳತ್ತೆ, ಮೂತಿ ಕೆಳಗೇ ಇರತ್ತೆ, ಜೊತೆಗೆ ನೇಗಿಲಿನ ಮತ್ತೆ ಮಣ್ಣಿನ ಭಾರ ಹಿಂದಿನ ಗಾಲಿಗೆ ಬಂದು ಹಿಡಿತ ಕೊಡತ್ತೆ. ನಿಮ್ಮ ಲಿಫ್ಟಿನ ಪಕ್ಕ ಡ್ರಾಫ್ಟ್ ಕಂಟ್ರೋಲ್ ಲಿವರ್ (ಎಳೆತ ಬಿಗಿಯಾದ್ರೆ ನೇಗಿಲನ್ನ ತಾನೇ ಸ್ವಲ್ಪ ಎತ್ತೋ ವ್ಯವಸ್ಥೆ) ಇದ್ರೆ ಅದನ್ನ ಉಪಯೋಗಿಸಿ, ಉಳುಮೇಲಿ ಅದು ಕೊಡೋ ಭಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಎಷ್ಟೋ ಜನ ಅದನ್ನ ಮುಟ್ಟೇ ಇರಲ್ಲ, ತುಕ್ಕು ಹಿಡಿದು ಕೂತಿರತ್ತೆ.

ಪ್ರಶ್ನೆ: ವೇಟ್ ಸರಿಯಾಯ್ತಾ, ಜಾಸ್ತಿ ಆಯ್ತಾ ಅಂತ ತಿಳಿಯೋದು ಹೇಗೆ? ನಮ್ದು ಎರೆ ಹೊಲ. — ಗದಗ ಕಡೆಯ ಓದುಗರು

ಉತ್ತರ: ಒಳ್ಳೇ ಪ್ರಶ್ನೆ, ಇದನ್ನ ಕೇಳೋರು ಕಮ್ಮಿ. ಒಂದು ಸೀಮೆಸುಣ್ಣ, ಎರಡು ಗೂಟ ಸಾಕು. ಹಿಂದಿನ ಟಯರ್ ಮೇಲೆ ಒಂದು ಗೆರೆ ಎಳೀರಿ. ಕಲ್ಟಿವೇಟರ್ ಕೆಲಸದ ಆಳಕ್ಕೆ ಇಳಿಸಿ, ಮಾಮೂಲಿ ಗೇರ್‌ನಲ್ಲಿ ಹೊಡೀತಾ ಹೋಗಿ, ಜೊತೆಗೆ ಒಬ್ಬರು ಪಕ್ಕದಲ್ಲಿ ದೂರ ಇಟ್ಕೊಂಡು ನಡೀತಾ ಗೆರೆ ಹತ್ತು ಸುತ್ತು ಬರೋವರೆಗೆ ಎಣಿಸಿ, ಶುರುವಿಗೊಂದು ಕೊನೆಗೊಂದು ಗೂಟ ಹೊಡೀಲಿ. ಆಮೇಲೆ ಕಲ್ಟಿವೇಟರ್ ಎತ್ತಿಕೊಂಡು ಅದೇ ಎರಡು ಗೂಟದ ನಡುವೆ ಓಡಿಸಿ, ಈ ಸಲ ಎಷ್ಟು ಸುತ್ತು ಬಂತು ನೋಡಿ. ಎಂಟೂವರೆಯಿಂದ ಒಂಬತ್ತು ಬಂದ್ರೆ ಜಾರಿಕೆ ಶೇಕಡ 10ರಿಂದ 15, ಟೂ ವೀಲ್ ಡ್ರೈವ್‌ಗೆ ಅದೇ ಸರಿ, ಫೋರ್ ವೀಲ್ ಆದ್ರೆ ಸ್ವಲ್ಪ ಕಮ್ಮಿ ಇರಬೇಕು. ಎಂಟೋ ಅದಕ್ಕಿಂತ ಕಮ್ಮಿಯೋ ಬಂದ್ರೆ ಜಾರಿಕೆ ಶೇಕಡ 20 ಮುಟ್ಟಿದೆ ಇಲ್ಲಾ ದಾಟಿದೆ, ಭಾರ ಸಾಲದು, ಡೀಸೆಲ್ಲೂ ಟಯರೂ ಎರಡೂ ಸುಮ್ನೆ ಉಜ್ಜಿ ಹೋಗ್ತಿದೆ. ಒಂಬತ್ತೂವರೆ ದಾಟಿದ್ರೆ ಭಾರ ಅತಿಯಾಯ್ತು.

ಜಾರಿಕೆ ಸೊನ್ನೆ ಆದ್ರೆ ಒಳ್ಳೇದಲ್ವಾ ಅಂತೀರ, ಅಲ್ಲ. ಸ್ವಲ್ಪ ಜಾರೋದು ಫ್ಯೂಸ್ ಇದ್ದ ಹಾಗೆ, ನೇಗಿಲು ಬಂಡೆಗೆ ಹೊಡೆದಾಗ ಗಾಲಿ ಜಾರಿದ್ರೆ ಗೇರ್‌ಬಾಕ್ಸ್ ಬದುಕತ್ತೆ. ಗೂಟ ಎಲ್ಲಾ ಬೇಜಾರು ಅಂದ್ರೆ ಟಯರ್ ಬಿಟ್ಟು ಹೋದ ಅಚ್ಚು ನೋಡಿ. ಕಡುಬಿನ ಅಚ್ಚಿನ ಹಾಗೆ ಪ್ರತಿ ಗೆರೆ ಚೊಕ್ಕವಾಗಿ ಮೂಡಿದ್ರೆ ಭಾರ ಜಾಸ್ತಿ, ಪೂರ್ತಿ ಅಳಿಸಿ ಮಣ್ಣು ಪುಡಿಯಾಗಿ ಕೂತಿದ್ರೆ ಕಮ್ಮಿ, ನಡುವೆ ಸ್ವಲ್ಪ ಕಲಸಿದ ಹಾಗೆ ಅಂಚಲ್ಲಿ ಗೆರೆ ಕಾಣ್ತಿದ್ರೆ ಸರಿ. ಎರೆ ಹೊಲದಲ್ಲಂತೂ ಹಸಿ ಇರುವಾಗ ಭಾರದ ಗಾಡಿ ಓಡಿಸಿದ್ರೆ ಮಣ್ಣು ಒಳಗೆ ಹಲಗೆ ಆಗತ್ತೆ, ಬೇರು ಇಳಿಯಲ್ಲ, ಹಾಗಾಗಿ ಉಳುಮೆ ಮುಗಿದ ಮೇಲೆ ಬಿತ್ತನೆ, ಎಡೆ ಹೊಡೆಯೋದಕ್ಕೆ ಗಾಲಿ ವೇಟ್ ಕಳಚಿಬಿಡಿ.

ಇದೇ ಜಾಗದಲ್ಲಿ ಗಂಗಾವತಿಯ ಓದುಗರಿಗೂ ಉತ್ತರ: ಭತ್ತದ ಗದ್ದೆ ರೊಳ್ಳಿ ಹೊಡೆಯುವಾಗ, ಅಂದ್ರೆ ನೀರು ಕಟ್ಟಿ ಕೆಸರು ಮಾಡುವಾಗ, ಗಾಲಿ ವೇಟ್, ನೀರು ಯಾವುದೂ ಬೇಡ. ಅಲ್ಲಿ ನಿಮಗೆ ಬೇಕಿರೋದು ತೇಲೋದು, ಮುಳುಗೋದಲ್ಲ, ಅದಕ್ಕೆ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಗಾಲಿ) ಇದೆ. ಮುಂದಿನ ಬಂಪರ್ ವೇಟ್ ಮಾತ್ರ ಇರಲಿ, ಕೇಜ್ ವೀಲ್ ಕಚ್ಚಿಕೊಂಡಾಗ ಮೂತಿ ಏಳೋದು ಅಲ್ಲೂ ಇದೆ.

ಪ್ರಶ್ನೆ: ಇಪ್ಪತ್ತು ಹಸು ಇವೆ, ಸಗಣಿ ಮೇವು ಎತ್ತೋಕೆ ಮಿನಿ ಟ್ರ್ಯಾಕ್ಟರ್ ಮುಂದೆ ಲೋಡರ್ ಬಕೆಟ್ ಹಾಕ್ಸಿದೀನಿ. ಬಕೆಟ್ ತುಂಬಿದ್ರೆ ಹಿಂದಿನ ಗಾಲಿ ಎದ್ದು ಬ್ರೇಕೇ ಹಿಡಿಯಲ್ಲ. ಹಿಂದಿನ ಟಯರಿಗೆ ನೀರು ತುಂಬಿಸಿದೀನಿ, ಆದ್ರೂ ಮುಂದಿನ ಅಚ್ಚು ಕಿರ್ ಅಂತ ಅಳತ್ತೆ. — ಕೋಲಾರ ಕಡೆಯ ಓದುಗರು

ಉತ್ತರ: ಸಿರ್ಸಿಯವರ ಏತ ಉಲ್ಟಾ ಮಾಡಿ. ಈಗ ಕಂಬ ಮುಂದಿನ ಅಚ್ಚು. ಬಕೆಟ್‌ನಲ್ಲಿ 200 ಕೆಜಿ, ಮುಂದಿನ ಅಚ್ಚಿಂದ ಒಂದು ಮೀಟರ್ ಮುಂದೆ ಅಂದ್ರೆ ಹಿಂದಿಂದ 133 ಕೆಜಿ ಕಿತ್ತುಕೊಂಡು ಮುಂದಿನ ಅಚ್ಚಿನ ಮೇಲೆ 333 ಕೂರಿಸತ್ತೆ, ಲೋಡರಿನ ಸ್ವಂತ ತೂಕ ಬೇರೆ. ಬ್ರೇಕ್ ಇರೋದು ಹಿಂದಿನ ಗಾಲಿಗೆ, ಅದು ನೆಲ ಬಿಟ್ರೆ ಬ್ರೇಕ್ ಎಲ್ಲಿ ಹಿಡಿಯತ್ತೆ ಹೇಳಿ. ಟಯರ್ ನೀರು ಹಿಂದಿನ ಗಾಲೀನ ನೆಲಕ್ಕೆ ಒತ್ತತ್ತೆ, ಸರಿ, ಆದ್ರೆ ಮುಂದಿನ ಅಚ್ಚಿನ ಭಾರ ಒಂದು ಕೆಜಿನೂ ಇಳಿಸಲ್ಲ. ಅದನ್ನ ಇಳಿಸೋಕೆ ಭಾರ ಹಿಂದಿನ ಅಚ್ಚಿಗಿಂತಲೂ ಹಿಂದೆ ಇರಬೇಕು, ಅಂದ್ರೆ ತ್ರೀ ಪಾಯಿಂಟ್ ಮೇಲೆ. ಅಲ್ಲಿ 250 ಕೆಜಿ, ಅಚ್ಚಿಂದ ಒಂದು ಮೀಟರ್ ಹಿಂದೆ ನೇತು ಹಾಕಿದ್ರೆ ಮುಂದಿನ ಅಚ್ಚಿಂದ 167 ಕೆಜಿ ಇಳಿಯತ್ತೆ.

ಕೊಂಡ್ಕೊಳ್ಳೋದು ಬೇಡ, ಮನೇಲೇ ಮಾಡಿ. 60 ಸೆಂಟಿಮೀಟರ್ ಅಗಲ, 50 ಎತ್ತರ, 40 ದಪ್ಪದ ಸೆಂಟ್ರಿಂಗ್ ಪೆಟ್ಟಿಗೆ ಮಾಡಿಸಿ, ಒಳಗೆ ಕಬ್ಬಿಣದ ಸರಳಿನ ಪಂಜರ ಇಟ್ಟು, ಕೆಳಗೆ ಎರಡು ಪಿನ್, ಮೇಲೆ ಟಾಪ್ ಲಿಂಕಿಗೆ ಒಂದು ಕಿವಿ ಪಂಜರಕ್ಕೇ ವೆಲ್ಡ್ ಮಾಡಿಸಿ ಕಾಂಕ್ರೀಟ್ ತುಂಬಿ. ಕಾಂಕ್ರೀಟ್ ಒಂದು ಘನ ಮೀಟರಿಗೆ 2400 ಕೆಜಿ, ಈ ಅಳತೆಗೆ 288 ಬರತ್ತೆ. ಪಿನ್ನಿನ ದಪ್ಪ, ಎರಡು ಪಿನ್ನಿನ ಅಂತರ ನಿಮ್ಮ ಗಾಡಿಯ ಲೋವರ್ ಲಿಂಕಿಂದಲೇ (ತ್ರೀ ಪಾಯಿಂಟಿನ ಕೆಳಗಿನ ಎರಡು ತೋಳು) ಅಳೆಯಿರಿ, ಹಿಚ್ಚಿನ ಅಳತೆ ಕ್ಯಾಟಗರಿ ಒಂದಾದ್ರೆ ಪಿನ್ 22 ಮಿಲಿಮೀಟರ್ ಇರತ್ತೆ, ಸಣ್ಣ ಗಾಡೀಲಿ ಅಂತರ ಬೇರೆ ಬೇರೆ. 200 ಲೀಟರ್ ಡ್ರಮ್ಮಿಗೇ ಕಾಂಕ್ರೀಟ್ ತುಂಬಿಸ್ತೀನಿ ಅಂತ ಇನ್ನೊಬ್ರು ಫೋನ್ ಮಾಡಿದ್ರು, ಅದು 480 ಕೆಜಿ ಆಗತ್ತೆ, ಲಿಫ್ಟ್ ಎತ್ತತ್ತೋ ಇಲ್ವೋ ಆಮೇಲಿನ ಮಾತು, ಬಕೆಟ್ ಖಾಲಿ ಇದ್ದಾಗ ಈ ಸಲ ಮೂತಿ ಏಳತ್ತೆ. ಅರ್ಧ ಡ್ರಮ್ ಸಾಕು. ಆಮೇಲೆ ಇಷ್ಟೆಲ್ಲಾ ಮಾಡಿ ತುಂಬಿದ ಬಕೆಟ್ ತಲೆ ಮೇಲೆ ಹೊತ್ತು ಓಡಾಡಬೇಡಿ, ಸುರಿಯೋ ಜಾಗಕ್ಕೆ ಹೋಗಿ ಎತ್ತಿ, ದಾರೀಲಿ ಮೊಣಕಾಲು ಮಟ್ಟ.

ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮ ತೋಟ, ಅಡ್ಡ ಇಳಿಜಾರು ಜಾಸ್ತಿ. ಮೈಲುತುತ್ತದ ಔಷಧಿ ಹೊಡೆಯೋಕೆ 200 ಲೀಟರ್ ಡ್ರಮ್ ಟ್ರ್ಯಾಕ್ಟರ್ ಹಿಂದೆ ಸ್ಟ್ಯಾಂಡ್ ಮೇಲೆ ಇಟ್ಟಿದೀವಿ. ಗಾಲಿ ವೇಟ್ ಹಾಕಿದ್ರೆ ಪಕ್ಕಕ್ಕೆ ಪಲ್ಟಿ ಆಗೋದು ತಪ್ಪತ್ತಾ?

ಉತ್ತರ: ಸ್ವಲ್ಪ. ಆದ್ರೆ ವೇಟಿಗಿಂತ ಮೊದಲು ಎರಡು ಕೆಲಸ ಇದೆ. ಒಂದು, ಗಾಲಿ ಅಗಲ ಮಾಡಿ. ಹಿಂದಿನ ರಿಮ್ಮು ಡಿಸ್ಕು ಉಲ್ಟಾ ಪಲ್ಟಾ ಮಾಡಿ ಜೋಡಿಸಿದ್ರೆ ಎರಡು ಗಾಲಿ ನಡುವಿನ ಅಂತರ ಬದಲಾಗತ್ತೆ, ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಭಾರದ ನಡು ನೆಲದಿಂದ 60 ಸೆಂಟಿಮೀಟರ್ ಅಂತಿಟ್ಟುಕೊಂಡ್ರೆ, ಗಾಲಿ ಅಂತರ 80 ಸೆಂಟಿಮೀಟರ್ ಇದ್ದಾಗ ನಿಂತಲ್ಲೇ ಮಗುಚೋ ಕೋನ ಸುಮಾರು 34 ಡಿಗ್ರಿ, ಒಂದು ಮೀಟರ್ ಮಾಡಿದ್ರೆ 40. ಇದು ಕಾಗದದ ಮೇಲಿನ ಲೆಕ್ಕ, ನಿಜವಾಗಿ ಇದಕ್ಕಿಂತ ಎಷ್ಟೋ ಮೊದಲೇ ಬೀಳತ್ತೆ, ಯಾಕಂದ್ರೆ ಮುಂದಿನ ಅಚ್ಚು ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡತ್ತೆ, ನೋಡೋಕೆ ನಾಲ್ಕು ಗಾಲಿ ಇದ್ರೂ ಗಾಡಿ ನಿಂತಿರೋದು ಮುಕ್ಕಾಲಿ ಸ್ಟೂಲಿನ ಹಾಗೆ. ಮೇಲಿನ ಗಾಲಿ ಒಂದು ಅಡಿಕೆ ಬೊಡ್ಡೆ ಹತ್ತಿ ಕೆಳಗಿನ ಗಾಲಿ ಬಸಿಗಾಲುವೆಗೆ ಇಳಿದ್ರೆ ಕೋನ ಎಲ್ಲಾ ಗಾಳಿಗೆ. ತೋಟದ ಗಿಡದ ಅಂತರ 9 ಅಡಿ ಇದ್ರೆ ಅಗಲ ಮಾಡೋಕೆ ಜಾಗ ಧಾರಾಳ ಇರತ್ತೆ.

ಎರಡು, ಆ ಡ್ರಮ್ ಕೆಳಗಿಳಿಸಿ. 200 ಲೀಟರ್ ಅಂದ್ರೆ 200 ಕೆಜಿ, ಅದೂ ಎದೆ ಎತ್ತರದಲ್ಲಿ, ಅದೂ ಅರ್ಧ ಖಾಲಿಯಾದ ಮೇಲೆ ಯಾವ ಕಡೆ ವಾಲಿದ್ರೆ ಆ ಕಡೆಗೇ ಓಡೋ ಭಾರ. ಕೆಳಗೆ ಗಾಲಿಗೆ ನೂರು ಕೆಜಿ ಹಾಕಿ ಮೇಲೆ ಇನ್ನೂರು ಹೊತ್ರೆ ಏನು ಬಂತು. ಸಾಧ್ಯ ಇದ್ರೆ ಡ್ರಮ್ ರಸ್ತೇಲೇ ಇಟ್ಟು ಪೈಪ್ ಉದ್ದ ಮಾಡಿ. ಅಡ್ಡ ಇಳಿಜಾರಲ್ಲಿ ಓಡಿಸೋದು ಬಿಟ್ಟು ಏರು ಇಳುಕಲಿನ ನೇರಕ್ಕೆ ಓಡಿಸಿ, ತಿರುವಲ್ಲಿ ನಿಧಾನ, ವೇಗ ಎರಡು ಪಟ್ಟಾದ್ರೆ ಪಕ್ಕಕ್ಕೆ ತಳ್ಳೋ ಜೋರು ನಾಲ್ಕು ಪಟ್ಟು. ಸೀಟ್ ಹಿಂದಿನ ಕಬ್ಬಿಣದ ಕಮಾನು, ರೋಲ್ ಬಾರ್ ಅಂತಾರಲ್ಲ, ಅಡಿಕೆ ಸೋಗೆ ತಾಗತ್ತೆ ಅಂತ ಮಡಚಿ ಇಟ್ಟಿದ್ರೆ ತೋಟದಿಂದ ಹೊರಗೆ ಬಂದ ಕೂಡಲೇ ಎತ್ತಿ ನಿಲ್ಲಿಸಿ ಬೆಲ್ಟ್ ಹಾಕ್ಕೊಳ್ಳಿ. ಮಡಚಿದ್ದಾಗ ಮಾತ್ರ ಬೆಲ್ಟ್ ಬೇಡ. ಬಿಸಿಲಿಗೆ ಹಾಕ್ಸಿರೋ ತಗಡಿನ ಟಾಪು ರೋಲ್ ಬಾರ್ ಅಲ್ಲ, ಅದು ಬರೀ ನೆರಳು.

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿದೀನಿ, ಮನೆ ಸುತ್ತ 5 ಎಕರೆ, ಹಿಮ ತಳ್ಳೋಕೆ ಒಂದು ಕಾಂಪ್ಯಾಕ್ಟ್ ಟ್ರ್ಯಾಕ್ಟರ್. ಅಪ್ಪ ಊರಿಂದ ಫೋನಲ್ಲಿ ನೀರು ತುಂಬ್ಸು ಅಂತಾರೆ!

ಉತ್ತರ: ಅಪ್ಪಂಗೆ ನಮಸ್ಕಾರ ಹೇಳಿ, ಆದ್ರೆ ಅಲ್ಲಿ ಬರೀ ನೀರು ಹಾಕಿದ್ರೆ ಚಳಿಗಾಲದಲ್ಲಿ ಟಯರ್ ಒಳಗೆ ಐಸ್ ಗಟ್ಟಿ ಕೂರತ್ತೆ. ನಿಮ್ಮ ಕಡೆ ಸಕ್ಕರೆ ಬೀಟ್‌ನಿಂದ ಸಕ್ಕರೆ ತೆಗೆದು ಉಳಿದ ರಸನೇ ಟಯರಿಗೆ ತುಂಬಿಸ್ತಾರೆ, ಮೈನಸ್ 35 ಡಿಗ್ರಿ ಹತ್ತಿರದವರೆಗೂ ಗಟ್ಟಿಯಾಗಲ್ಲ, ತುಕ್ಕು ಹಿಡಿಸಲ್ಲ, ಲೀಟರಿಗೆ 1.3 ಕೆಜಿ ಹತ್ತಿರ ತೂಗತ್ತೆ. ಹಳಬರು ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪುನೀರು ಹಾಕ್ತಿದ್ರು, ತೂಕ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಒಂದು ಸಣ್ಣ ಲೀಕ್ ಆದ್ರೂ ರಿಮ್ ತಿಂದುಹಾಕತ್ತೆ. ಬೀಟ್ ರಸಾನೇ ಹಾಕ್ಸಿ.

ಪ್ರಶ್ನೆ: ಬಂಪರ್ ವೇಟ್ ರೇಟ್ ಕೇಳಿ ಸುಸ್ತಾದೆ. ಮನೇಲಿ ಅಜ್ಜಿ ಕಾಲದ ಒರಳು ಕಲ್ಲು ಬಿದ್ದಿದೆ, ಮುಂದೆ ಹಗ್ಗದಲ್ಲಿ ಕಟ್ಟಿದ್ರೆ ಆಗಲ್ವಾ? — ಚನ್ನರಾಯಪಟ್ಟಣದ ಓದುಗರು

ಉತ್ತರ: ಕಲ್ಲಿನ ಮೇಲೆ ನನಗೇನೂ ಸಿಟ್ಟಿಲ್ಲ, ಸಿಟ್ಟು ಹಗ್ಗದ ಮೇಲೆ. ಗುಂಡಿ ಹಾರಿದಾಗ ಹಗ್ಗ ಜಾರಿ ಕಲ್ಲು ಕೆಳಗೆ ಬಿದ್ರೆ ನಿಮ್ಮದೇ ಗಾಲಿ ಅದರ ಮೇಲೆ ಹತ್ತತ್ತೆ, ಸಣ್ಣ ಗಾಡಿಗೆ ಪಕ್ಕಕ್ಕೆ ಮಗುಚೋಕೆ ಅಷ್ಟು ಸಾಕು. ಗುಜರಿ ಅಂಗಡೀಲಿ ದಪ್ಪ ಕಬ್ಬಿಣದ ಪ್ಲೇಟು ಕೆಜಿ ಲೆಕ್ಕದಲ್ಲಿ ಸಿಗತ್ತೆ, ಅದನ್ನ ತೂಕ ಹಾಕಿಸಿ ತಂದು ತೂತು ಹೊಡೆಸಿ, ಚಾಸಿಗೆ ಬೋಲ್ಟ್ ಆಗೋ ಗಟ್ಟಿ ಬ್ರ್ಯಾಕೆಟ್ ಮೇಲೆ ಎರಡು ಉದ್ದ ಬೋಲ್ಟ್, ಡಬಲ್ ನಟ್ ಹಾಕಿ ಬಿಗಿಸಿ. ರೇಡಿಯೇಟರ್ ಜಾಲರಿ ಮುಚ್ಚಬಾರದು, ಜಾಲರಿಗೇ ವೆಲ್ಡ್ ಮಾಡಿಸೋದಂತೂ ಬೇಡ. ಒರಳು ಕಲ್ಲನ್ನ ಹಿತ್ತಲಿಂದ ಒಳಗೆ ತಂದಿಡಿ, ಮಿಕ್ಸಿ ಚಟ್ನಿಗಿಂತ ಚೆನ್ನಾಗಿರತ್ತೆ.